ಶ್ರಮದಾನಕ್ಕೆ ಬಂದ ಮುಯ್ಯಾಳುಗಳು

ಹೆಂಗಸರ ಒಡವೆಯ ಡಬ್ಬಿಯೊಳಗೆ ಇಣುಕಬಾರದೆನ್ನುತ್ತಾರೆ. ಆದರೆ ನೀವು ಸ್ನೇಹಿತರು, ನನ್ನದನ್ನು ನಾನೇ ತೆರೆದು ತೋರಿಸುತ್ತೇನೆ. ಒಂದು ಜೊತೆ ಬೆಂಡೋಲೆ, ಒಂದು ಹಳೆಯ ಮೂಗುಬೊಟ್ಟು, ಕೊಂಡಿ ಸಡಿಲವಾದ ಕಾಲುಗೆಜ್ಜೆ, ಇವುಗಳ ಮಧ್ಯೆ ಅಂಗೈಯಗಲದ ಹಳದಿ ಬಟ್ಟೆಯ ತುಂಡೊಂದು. ಅದರ ಮೇಲೆ ಕೆಂಪು ದಾರದಲ್ಲಿ ‘ನಾಯಕಿ’ ಎಂದು ಕಸೂತಿ ಹಾಕಿದೆ. ನನ್ನ ಕೈಯದೇ ಕಸೂತಿ, ‘ಯ’ ಕೊಂಚ ಸೊಟ್ಟಗಿದೆ. ಚಿನ್ನದ ದರ ಏರಿತೆಂಬ ಸುದ್ದಿ ಬಂದಾಗಲೆಲ್ಲ ನಮ್ಮ ಯಜಮಾನರು ಡಬ್ಬಿ ತೆಗೆಸುತ್ತಾರೆ, ಬಟ್ಟೆಯ ತುಂಡನ್ನು ಪಕ್ಕಕ್ಕಿಟ್ಟು ಉಳಿದದ್ದನ್ನು ಅಂಗೈಯಲ್ಲೇ ತೂಗಿ ನೋಡುತ್ತಾರೆ. ಪಾಪ, ಅವರಿಗೇನು ಗೊತ್ತು, ಆ ಡಬ್ಬಿಯಲ್ಲಿ ನಾನು ಬೆವರು ಸುರಿಸಿ ಸಂಪಾದಿಸಿದ ಒಡವೆ ಅದೊಂದೇ ಎಂದು!

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ತ್ಯಾವಣಿಗೆಯಿಂದ ಸ್ವಲ್ಪ ಒಳಗಿದ್ದ ನಮ್ಮೂರಿನಲ್ಲಿ ಅಪ್ಪಾಜಿಯದು ಕಿರಾಣಿ ಅಂಗಡಿ. ಎಸ್ಸೆಸ್ಸೆಲ್ಸಿ ಪಾಸಾಗಿ ಮನೆಯಲ್ಲಿ ಕುಳಿತಿದ್ದ ನಾನು, ಪೊಟ್ಟಣ ಕಟ್ಟಲೆಂದು ತಂದ ಹಳೆಯ ಪತ್ರಿಕೆಗಳನ್ನು ಅಪ್ಪಾಜಿ ಹರಿಯುವುದರೊಳಗೆ ಓದಿ ಮುಗಿಸುವುದನ್ನೇ ಒಂದು ಉದ್ಯೋಗ ಮಾಡಿಕೊಂಡಿದ್ದೆ. ಅಂಥ ಒಂದು ದಿನ ಗ್ರಾಮಸೇವಕಿಯವರು ಅಂಗಡಿಯ ಕಟ್ಟೆಯ ಮೇಲೆ ಕುಳಿತು, “ಊರಿಗೊಂದು ಯುವತಿ ಮಂಡಳಿ ಮಾಡಾಕೆ ಹೊಂಟೀವಿ ಸಾವ್ಕಾರ್ರೇ. ನಿಮ್ಮ ಸುಮಂಗಲ ಓದಿದಾಳೆ, ಮಾತು ಚೆನ್ನಾಗಿ ಬರ್ತೈತೆ. ಹೊನ್ನಾಳ್ಯಾಗೆ ತರಬೇತಿ ಐತೆ, ಕಳಿಸ್ರಿ” ಎಂದರು. ಅಪ್ಪಾಜಿ ತಕ್ಕಡಿಯಿಂದ ಕಣ್ಣೆತ್ತದೆ, “ಮಾತು ಬರ್ತೈತೆ ಅನ್ನೋದೇ ನನಗೆ ಚಿಂತೆ ಆಗೈತೆ ನೋಡ್ರಿ” ಎಂದರು. ನಾನು ಒಳಗೆ ಬಾಗಿಲಿಗೆ ಕಿವಿಗೊಟ್ಟು ನಿಂತಿದ್ದೆ. ಅವ್ವ ಹೊರಗೆ ಬಂದು, “ಹೋಗಿ ಬರ್ಲಿ ಬಿಡ್ರಿ, ಇಲ್ಲಿ ಕುಂತು ಪೇಪರು ಖರ್ಚು ಮಾಡೋದು ತಪ್ಪುತ್ತೆ” ಎಂದಳು. ಅಷ್ಟೇ. ನಾನು ಆ ಸಂಜೆಯೇ ಟ್ರಂಕು ತುಂಬಿಬಿಟ್ಟೆ.

ಹೊನ್ನಾಳಿಯ ಶಿಬಿರವನ್ನು ನೆನೆದರೆ ಈ ವಯಸ್ಸಿನಲ್ಲೂ ನನ್ನ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಹೊಳೆಯ ಗಾಳಿ ಬೀಸುವ ಶಾಲೆಯ ಕಟ್ಟಡ, ಬೆಂಚುಗಳನ್ನು ಗೋಡೆಗೆ ಒತ್ತರಿಸಿ ಹಾಸಿದ ಜಮಖಾನೆ, ಚನ್ನಗಿರಿಯಿಂದಲೂ ನ್ಯಾಮತಿಯಿಂದಲೂ ಬಂದಿದ್ದ ನನ್ನಂಥವೇ ಜಡೆಗಳು, ನನ್ನಂಥವೇ ಟ್ರಂಕುಗಳು. ಬೆಳಿಗ್ಗೆ ಎದ್ದು ಕವಾಯತು, ಆಮೇಲೆ ಗಾಯಕ್ಕೆ ಪಟ್ಟಿ ಕಟ್ಟುವ ಪಾಠ, ಮಧ್ಯಾಹ್ನ ಕಸೂತಿ, ಸಂಜೆ ಥ್ರೋಬಾಲು. ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು ಚೆಂಡಿನ ಹಿಂದೆ ಓಡುವಾಗ, ‘ಹೆಣ್ಣುಮಗಳೇ, ಮೆಲ್ಲಗೆ’ ಎನ್ನುವವರು ಸುತ್ತಮುತ್ತ ಯಾರೂ ಇಲ್ಲವೆಂಬುದು ತಿಳಿದ ಕ್ಷಣವಿದೆಯಲ್ಲ, ಅದನ್ನು ನಾನು ಹೇಗೆ ಹೇಳಲಿ? ಭಾಷಣದ ಪಾಠವಂತೂ ನನ್ನ ಪಾಲಿಗೆ ಹಬ್ಬ. ಹೊಳೆಯ ದಂಡೆಯಲ್ಲಿ ನಿಂತು, ನೀರಿನಲ್ಲಿ ಬಿದ್ದುಕೊಂಡಿದ್ದ ಎಮ್ಮೆಗಳನ್ನು ಉದ್ದೇಶಿಸಿ, “ನನ್ನ ನೆಚ್ಚಿನ ಗ್ರಾಮಬಾಂಧವರೇ” ಎಂದು ಕೂಗಿ ಅಭ್ಯಾಸ ಮಾಡುತ್ತಿದ್ದೆ. ನ್ಯಾಮತಿಯ ಗೆಳತಿಯೊಬ್ಬಳು, “ಒಂದಾದ್ರೂ ಎದ್ದು ಹೋಯ್ತಾ ನೋಡೇ, ನಿನ್ನ ಭಾಷಣ ಹಿಡಿಸೈತೆ ಅವಕ್ಕೆ” ಎಂದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಶ್ರಮದಾನದ ಪಾಠ ಕೊನೆಗೆ ಬಂತು. ಪ್ರತಿಫಲ ಬಯಸದೆ ಊರಿಗಾಗಿ ಕೊಡುವ ದುಡಿಮೆಯೇ ಶ್ರಮದಾನ; ನಾಯಕಿ ಕರೆಯಬೇಕು, ಜನ ಕೊಡಬೇಕು; ನಾಯಕಿ ಯಾವಾಗಲೂ ಎಲ್ಲರಿಗಿಂತ ಒಂದು ಹೆಜ್ಜೆ ಮುಂದಿರಬೇಕು. ಶಿಬಿರದ ಮೇಡಂ ಹೇಳಿದ್ದನ್ನು ನಾನು ವೇದವೆಂಬಂತೆ ಬಾಯಿಪಾಠ ಮಾಡಿದೆ. ಎದೆಯ ಮೇಲೆ ಹಳದಿ ಬ್ಯಾಡ್ಜು ಸಿಕ್ಕಿಸಿಕೊಂಡು ಬಸ್ಸಿಳಿದವಳು ನೆಲ ನೋಡಿ ನಡೆದಿದ್ದರೆ ಕೇಳಿ.

ಊರಿನಲ್ಲಿ ಮಾತ್ರ ಕತೆಯೇ ಬೇರೆಯಾಗಿತ್ತು. ಮಂಡಳಿಗೆ ಹುಡುಗಿಯರನ್ನು ಕೇಳಿಕೊಂಡು ಮನೆಮನೆಗೆ ಹೋದರೆ ಎಲ್ಲ ಕಡೆಯೂ ಒಂದೇ ಉತ್ತರ, “ಕೆಲಸ ಐತವ್ವಾ.” ಅದರಲ್ಲೂ ನಿಂಗಮ್ಮನ ಮಗಳು ಗಂಗೆ ನನಗೆ ಬೇಕೇ ಬೇಕಿತ್ತು. ಏಳನೆಯ ತರಗತಿಗೆ ಶಾಲೆ ಬಿಟ್ಟ ಹುಡುಗಿ, ಅಂಗಡಿಗೆ ಬಂದಾಗ ಬೆಲ್ಲ ಕಟ್ಟಿಕೊಟ್ಟ ಕಾಗದವನ್ನು ದಾರಿಯುದ್ದಕ್ಕೂ ತಿರುಗಿಸಿ ತಿರುಗಿಸಿ ಓದುತ್ತ ಹೋಗುವವಳು. ನಿಂಗಮ್ಮ ಬಾಗಿಲಲ್ಲೇ ನಿಂತು, “ನಿನಗೆ ಕುಂತು ಉಣ್ಣೋ ಯೋಗ ಐತೆ, ಆಟ ಆಡ್ತೀಯ. ನಮ್ಮ ಹುಡುಗಿ ಬಂದ್ರೆ ನನ್ನ ಗದ್ದೆಗೆ ಯಾರು ಬರ್ತಾರೆ?” ಎಂದುಬಿಟ್ಟಳು.

ಜಾಗಕ್ಕಾಗಿ ಗೌಡರ ಬಳಿಗೆ ಹೋದೆ. ಚಾವಡಿಯ ಹಿಂದೆ ಹಳೆಯ ಖೋಲಿಯೊಂದಿತ್ತು. ಅರ್ಧ ಗೋಡೆ ಕುಸಿದು, ಒಳಗೆ ಮಣ್ಣು ತುಂಬಿ, ಬಾಗಿಲಿಗೇ ಜಾಲಿ ಬೆಳೆದಿತ್ತು. ಸೊಸೈಟಿಯವರು ಅದನ್ನು ಗೊಬ್ಬರದ ಚೀಲ ಇಡಲು ಕೇಳಿದ್ದರು. ಗೌಡರು ಮೀಸೆ ನೀವಿ, “ಯುಗಾದಿ ಹೊತ್ತಿಗೆ ಖೋಲಿ ಹಸನಾಗಿ, ಅದರಾಗೆ ಹುಡುಗೀರು ಕುಂತಿದ್ರೆ ನಿಮ್ದು. ಖಾಲಿ ಬಿದ್ದಿದ್ರೆ ಗೊಬ್ಬರಕ್ಕೆ. ಆಮ್ಯಾಲೆ ನನ್ನ ಬೈಕಂಬ್ಯಾಡ” ಎಂದರು.

ಶ್ರಮದಾನ! ನನ್ನ ಬಾಯಲ್ಲಿ ನೀರೂರಿತು. ಸಂಕ್ರಾಂತಿ ಕಳೆದ ಮೊದಲ ಸೋಮವಾರ ಚಾವಡಿಯ ಮುಂದೆ ನಿಂತು, ಎಮ್ಮೆಗಳೆದುರು ಪಳಗಿದ ಭಾಷಣವನ್ನು ಒಂದಕ್ಷರ ಬಿಡದೆ ಒಪ್ಪಿಸಿದೆ. ನಾಲ್ಕು ಜನ ಬಂದರೂ ಪುಣ್ಯವೆಂದುಕೊಂಡಿದ್ದೆ. ಮರುದಿನ ಬೆಳಿಗ್ಗೆ ನೋಡುತ್ತೇನೆ, ಗುದ್ದಲಿ, ಸಲಿಕೆ, ಬಾಂಡ್ಲಿ ಹಿಡಿದುಕೊಂಡು ಅರ್ಧ ಊರೇ ಬರುತ್ತಿದೆ! ಗಂಡಸರು ಜಾಲಿ ಕಡಿದರು, ಹೆಂಗಸರು ಸಾಲಾಗಿ ನಿಂತು ಮಣ್ಣಿನ ಬಾಂಡ್ಲಿಯನ್ನು ಕೈಯಿಂದ ಕೈಗೆ ದಾಟಿಸಿದರು, ನಿಂಗಮ್ಮ ಗೋಡೆಗೆ ಮಣ್ಣು ಮೆತ್ತಿದಳು. ನಾನು ಅಲ್ಲಿಂದಿಲ್ಲಿಗೆ ಓಡಾಡಿ ಎಲ್ಲರಿಗೂ ನೀರು ಕೊಟ್ಟೆ, ಮಂಡಕ್ಕಿ ಹಂಚಿದೆ, ಕಣ್ಣು ಒರೆಸಿಕೊಂಡೆ. ಒಂದು ಭಾಷಣಕ್ಕೆ ಇಷ್ಟು ಶಕ್ತಿಯಿದೆಯೇ ಎಂದು ನನ್ನ ನಾಲಿಗೆಯ ಮೇಲೆ ನನಗೇ ಗೌರವ ಹುಟ್ಟಿತು.

ಹೊತ್ತು ಇಳಿಯುವ ವೇಳೆಗೆ ನೆಲ ಸಮನಾಗಿ, ಖೋಲಿ ಖೋಲಿಯಂತೆ ಕಾಣತೊಡಗಿತು. ಕೈತೊಳೆದುಕೊಂಡ ನಿಂಗಮ್ಮ ನನ್ನ ಬಳಿಗೆ ಬಂದು, “ನಂದು ಕಳೆ ಕೀಳೋ ಹೊತ್ತಿಗೆ ಬಂದ್ರೆ ಸಾಕವ್ವಾ. ಯುಗಾದಿ ಹಿಂದುಮುಂದು ಹೇಳಿ ಕಳಿಸ್ತೀನಿ” ಎಂದಳು. ನಾನು ಬಾಯಿ ತೆರೆಯುವುದರೊಳಗೆ ಇನ್ನೊಬ್ಬಳು, “ನಂದು ಶುಕ್ರವಾರ ನಾಟಿ ಐತೆ” ಎಂದಳು. “ನಾಲೆ ನೀರು ಬಂದ ಮಾರನೇ ದಿನ ನಂದು.” “ನನ್ನ ಗದ್ದೆ ಕೆಳಗೈತೆ, ಹಳೇ ಸೀರೆ ಉಟ್ಕಂಡು ಬಾ.” ಆಗ ನನಗೆ ಹೊಳೆಯಿತು. ಇವರೆಲ್ಲ ಬಂದದ್ದು ದಾನಕ್ಕಲ್ಲ, ಮುಯ್ಯಿಗೆ! ಇಂದು ನೀನು ಕರೆದೆ, ನಾನು ಬಂದೆ. ನಾಳೆ ನಾನು ಕರೆದಾಗ ನೀನು ಬರಬೇಕು. ಕರೆದವರು ಸಾವ್ಕಾರರ ಮಗಳಾದರೇನು, ಗೌಡರ ಮಗಳಾದರೇನು, ಮುಯ್ಯಾಳಿನ ಪದ್ಧತಿ ಅದೇ.

ನಾನು ತೊದಲುತ್ತ, “ಇದು ಶ್ರಮದಾನ ಅಲ್ವಾ ನಿಂಗಮ್ಮಾ, ದಾನ...” ಎಂದೆ. ಅವಳು ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ದಾನ ಕೊಡಾಕೆ ನೀನೇನು ಜೋಳಿಗೆ ಹಿಡ್ಕಂಡು ಬಂದಿದ್ಯಾ ತಾಯಿ? ನಮ್ಮೂರ ಹೆಣ್ಣುಮಗಳು ಅಂತ ಬಂದ್ವಿ” ಎಂದಳು. ಅವಳ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಅಚ್ಚರಿಯಿತ್ತು.

ಮನೆಯಲ್ಲಿ ರಾಮಾಯಣವಾಯಿತು. “ಅಂಗಡಿ ಮನೆ ಹೆಣ್ಣು ಗದ್ದೆ ಇಳಿಯೋದಾ? ಎಲ್ಲಾರಿಗೂ ಒಂದೊಂದು ಕೂಲಿಯಾಳು ಕಳಿಸಿ ಕೈ ತೊಳ್ಕಂತೀನಿ” ಎಂದು ಅಪ್ಪಾಜಿ ಗುಡುಗಿದರು. ಅವ್ವ ಒಲೆಯ ಮುಂದಿನಿಂದಲೇ, “ಮುಯ್ಯಿಗೆ ಕೂಲಿ ಕಳಿಸಿದ್ರೆ ಮಕದ ಮ್ಯಾಲೆ ಹೊಡೆದಂಗೆ. ಆಮ್ಯಾಲೆ ಒಬ್ಬರಾದ್ರೂ ಆ ಖೋಲಿಗೆ ಮಗಳನ್ನ ಕಳಿಸ್ತಾರಾ? ಗೊಬ್ಬರಾನೇ ಗತಿ” ಎಂದಳು. ಆಮೇಲೆ ರೊಟ್ಟಿ ತಿರುವಿ ಹಾಕುತ್ತ, “ನಾನು ನನ್ನ ತವರೂರು ಸೊಕ್ಕೆಯಾಗೆ ಜೋಳದ ಹೊಲದಾಗೆ ಮುಯ್ಯಿಗೆ ಹೋಗಿ ಬೆಳೆದೋಳೇ. ನಿಮ್ಮನೇಗೆ ಬಂದ ಮ್ಯಾಲೆ ಕೈ ಮೆತ್ತಗಾಗಿದಾವೆ ಅಷ್ಟೇ” ಎಂದಳು. ಜಗಳೂರು ಸೀಮೆಯ ಬೆದ್ದಲಿನಿಂದ, ಮಳೆ ನಂಬಿದ ಒಣಹೊಲಗಳಿಂದ, ಬಂದ ಆ ಮಾತು ಕೇಳಿ ಅಪ್ಪಾಜಿ ಎದ್ದು ಅಂಗಡಿಗೆ ಹೋದರು. ಶುಕ್ರವಾರ ಅವ್ವ ತನ್ನ ಹಳೆಯ ಸೀರೆಯನ್ನು ನನಗೆ ಉಡಿಸಿ ಕಳಿಸಿದಳು.

ಗದ್ದೆಗಿಳಿದಾಗ ನಾನು ಕಂಡದ್ದೇನು ಗೊತ್ತೇ? ನಾನು ಮನೆಮನೆಗೆ ಹೋಗಿ ಕೇಳಿಕೊಂಡರೂ ಸಿಗದಿದ್ದ ಹುಡುಗಿಯರೆಲ್ಲ ಮೊಣಕಾಲುದ್ದ ಕೆಸರಿನಲ್ಲಿ ಸಾಲಾಗಿ ನಿಂತಿದ್ದರು! ಅವರನ್ನು ಮನೆಯಿಂದ ಹೊರಗೆ ತರುವೆನೆಂದು ಹೊರಟವಳು ನಾನು. ನಿಜಕ್ಕೂ ಮನೆಯೊಳಗಿದ್ದವಳು ನಾನೊಬ್ಬಳೇ. ಮೊದಲ ದಿನ ಎರಡು ಸಲ ಬಿದ್ದೆ. ನನ್ನ ಸಸಿಗಳು ನೀರಿನ ಮೇಲೆ ತೇಲಿ ಬಂದು ನನ್ನ ಕಾಲಿಗೇ ಸುತ್ತಿಕೊಂಡವು, ಗಂಗೆ ಕಿಸಕ್ಕನೆ ನಕ್ಕು, “ಬೆರಳಿಂದ ಒತ್ತಿ ಬಿಡಕ್ಕಾ, ಅಷ್ಟು ಹೆದರಬ್ಯಾಡ” ಎಂದಳು. ಹಗ್ಗ ಹಿಡಿದು ನಾಟಿ ಹಾಕುವಾಗ ಎಲ್ಲರೂ ಹಿಂದಕ್ಕೇ ಹೆಜ್ಜೆಯಿಡಬೇಕು, ಮುಂದೆ ಹೋದವಳು ನೆಟ್ಟದ್ದನ್ನೇ ತುಳಿಯುತ್ತಾಳೆ. ನಾಯಕಿ ಒಂದು ಹೆಜ್ಜೆ ಮುಂದಿರಬೇಕೆಂಬ ಪಾಠ ಆ ಕೆಸರಿನಲ್ಲಿ ಯಾವ ಉಪಯೋಗಕ್ಕೂ ಬರಲಿಲ್ಲ, ನಾನೂ ಎಲ್ಲರ ಸಾಲಿನಲ್ಲಿ ಹಿಂದಕ್ಕೆ ಸರಿಯುತ್ತ ಹೋದೆ.

ಎಂಥ ಸಂಭ್ರಮ ಗೊತ್ತೇನು! ಬುತ್ತಿ ಬಿಚ್ಚುವ ಹೊತ್ತಿಗೆ ಬದುವಿನ ಮೇಲೆ ನಾನು ಹೊನ್ನಾಳಿಯ ಆಟಗಳನ್ನು ಹೇಳಿಕೊಟ್ಟೆ, ಸಸಿಯ ಕಟ್ಟೇ ಚೆಂಡಾಯಿತು. ಕುಡುಗೋಲು ತಾಗಿದ ಬೆರಳಿಗೆ ಪಟ್ಟಿ ಕಟ್ಟಿದೆ. ಪೊಟ್ಟಣದ ಕಾಗದದಲ್ಲಿ ಓದಿದ್ದ ಕತೆಗಳನ್ನು ಹೇಳಿದೆ. ಕತೆಯ ಕೊನೆ ಯಾವಾಗಲೂ ಹರಿದುಹೋಗಿರುತ್ತಿತ್ತು, ಅದನ್ನು ಹುಡುಗಿಯರೇ ಕಟ್ಟುತ್ತಿದ್ದರು. ದಾನವೆಂದರೆ ಕೊಡುವ ಕೈ ಮೇಲೆ, ಪಡೆಯುವ ಕೈ ಕೆಳಗೆ. ಮುಯ್ಯಿಯಲ್ಲಿ ಎರಡೂ ಕೈ ಒಂದೇ ಕೆಸರಿನಲ್ಲಿರುತ್ತವೆ. ಇಷ್ಟು ಸರಳವಾದದ್ದನ್ನು ನನಗೆ ತಿಳಿಸಲು ಇಡೀ ಊರು ಬೆನ್ನು ಬಗ್ಗಿಸಬೇಕಾಯಿತು.

ನಿಂಗಮ್ಮನ ಗದ್ದೆ ಕೊನೆಯದು. ಒಂದು ದಿನ ಕಳೆ ಕಿತ್ತೆವು, ಸಂಜೆಗೆ ಒಂದು ಮೂಲೆ ಉಳಿಯಿತು. ಗಂಗೆ ಕಟ್ಟುತ್ತಿದ್ದ ಕತೆಯೂ ಅರ್ಧಕ್ಕೇ ನಿಂತಿತ್ತು. ಕೊನೆ ಕೇಳುವ ಆಸೆಗೆ ಮರುದಿನವೂ ಹೋಗಿ ಆ ಮೂಲೆ ಮುಗಿಸಿಕೊಟ್ಟೆ.

ಯುಗಾದಿಯ ಸಂಜೆ ಖೋಲಿಯಲ್ಲಿ ಜಮಖಾನೆ ಹಾಸಿ ಒಬ್ಬಳೇ ಕುಳಿತೆ. ಆಗ ನನ್ನೊಳಗೆ ಭಯ ಹೊಕ್ಕಿತು. ಎಲ್ಲರ ಮುಯ್ಯಿಯೂ ತೀರಿತ್ತು. ಇನ್ನು ಯಾರು ಯಾತಕ್ಕೆ ಬರಬೇಕು? ಗೌಡರು ಬಾಗಿಲಿಗೆ ಬಂದು ಖಾಲಿ ಜಮಖಾನೆ ನೋಡಿದರು. ಬೀಗದ ಕೈಯನ್ನು ಬೆರಳಿನಲ್ಲಿ ತಿರುಗಿಸುತ್ತ, “ಸೊಸೈಟಿಯೋರು ನಾಳೆ ಚೀಲ ತರ್ತಾರಂತೆ” ಎಂದರು.

ಅಷ್ಟರಲ್ಲಿ ಹೊರಗೆ ಮಾತು ಕೇಳಿಸಿತು. ನಿಂಗಮ್ಮ ಗಂಗೆಯ ರಟ್ಟೆ ಹಿಡಿದು ಒಳಗೆ ತಂದಳು, ಬಾಗಿಲ ಹೊರಗೆ ನನ್ನ ಜೊತೆ ನಾಟಿ ಹಾಕಿದ್ದ ಹೆಣ್ಣುಮಕ್ಕಳು, ಅವರ ತಾಯಂದಿರು. “ಖೋಲಿ ಕಟ್ಟಾಕೆ ನಾನು ಬಂದಿದ್ದು ಒಂದಿನ. ನೀನು ನನ್ನ ಗದ್ದೇಗೆ ಬಂದಿದ್ದು ಎರಡು ದಿನ. ಒಂದಿನ ನನ್ನ ಮ್ಯಾಲೆ ಕುಂತೈತೆ” ಎಂದಳು. “ತಗಾ, ದಿನಾ ಸಂಜೆ ಇವಳನ್ನ ಕಳಿಸ್ತೀನಿ. ಒಂದೊಂದು ತಾಸಿನಂಗೆ ತೀರಿಸ್ಲಿ.”

ನಾನು ಹೊನ್ನಾಳಿಯಲ್ಲಿ ಕಲಿಯದಿದ್ದ ಮಾತೊಂದು ತಾನಾಗಿ ನನ್ನ ಬಾಯಿಗೆ ಬಂತು. “ಅದು ತೀರೋದ್ರೊಳಗೆ ನಿಮ್ಮ ಕೊಯ್ಲು ಬರ್ತೈತಲ್ಲ ನಿಂಗಮ್ಮಾ. ನಾನೂ ಕುಡುಗೋಲು ತರ್ತೀನಿ.”

ನಿಂಗಮ್ಮ ಜಮಖಾನೆಯ ಮೇಲೆ ತಾನೇ ಮೊದಲು ಕುಳಿತು, ಕಾಲು ಚಾಚಿ, ಗೌಡರ ಕಡೆ ತಿರುಗಿದಳು. “ಗೊಬ್ಬರದ ಚೀಲ ಬ್ಯಾರೆ ಕಡೆ ಇಡಾಕೆ ಹೇಳ್ರಿ ಗೌಡ್ರೇ. ಇದು ಸದ್ಯಕ್ಕೆ ಮುಗಿಯೋ ಲೆಕ್ಕ ಅಲ್ಲ.”