ಇಂಗ್ಲಿಷ್ ಹುಡುಗಿ ಬೇಡ ಅಂದ ಬೇಸಿಗೆ

ಇಂಗ್ಲೆಂಡಿನ ಹಳ್ಳಿಯನ್ನು ನಾನು ಮೊದಲು ನೋಡಿದ್ದು ಕೈಲಾಂಚ ಹೋಬಳಿಯ ನಮ್ಮ ಮನೆಯ ನಡುಮನೆಯಲ್ಲಿ, ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯಿಂದ ರೇಷ್ಮೆಗೂಡು ಬಿಡಿಸುತ್ತಾ. ಆಗ ನಾನು ರಾಮನಗರದಲ್ಲಿ ಬಿ.ಎ. ಕೊನೆಯ ವರ್ಷ ಓದುತ್ತಿದ್ದೆ. ಯಾವ ಧೈರ್ಯದ ಮೇಲೆ ಐಚ್ಛಿಕ ಇಂಗ್ಲಿಷ್ ತೆಗೆದುಕೊಂಡೆನೋ ದೇವರಿಗೇ ಗೊತ್ತು. ಅಲ್ಲಿನ ಹಳ್ಳಿಗಾಡಿನ ಹಳೆಯ ಪ್ರೇಮದ ಕಾದಂಬರಿಯೊಂದು ನಮಗೆ ಪಠ್ಯವಾಗಿತ್ತು. ಬೆಳಿಗ್ಗೆ ಬಸ್ಸಿನಲ್ಲಿ ಕೂತು ಒಂದು ವಾಕ್ಯ ಶುರು ಮಾಡಿದರೆ ಅದು ಮುಗಿಯುವಷ್ಟರಲ್ಲಿ ರಾಮನಗರ ಬಂದುಬಿಡುತ್ತಿತ್ತು.

ಪಾಠ ಮಾಡುತ್ತಿದ್ದ ಮೇಡಂ ನಮ್ಮ ಮುಖಗಳನ್ನು ನೋಡಿ ನೋಡಿ ಸಾಕಾಗಿ, ಆ ಕಾದಂಬರಿಯ ಸಿನಿಮಾದ ಸೀಡಿ ತಂದುಕೊಟ್ಟರು. ಸರದಿಯ ಮೇಲೆ ಮನೆಗೆ ಒಯ್ದು ನೋಡಿ ಅಂದರು. ಜೊತೆಗೆ ಒಂದು ಎಚ್ಚರಿಕೆ: ಪುಸ್ತಕದ ಕೊನೆ ಬೇರೆ, ಸಿನಿಮಾದ ಕೊನೆ ಬೇರೆ, ಪರೀಕ್ಷೆಯಲ್ಲಿ ಸಿನಿಮಾದ ಕೊನೆ ಬರೆದರೆ ಸೊನ್ನೆ. ನಾವು ನಕ್ಕೆವು. ಎರಡು ಕೊನೆಗಳಲ್ಲಿ ಯಾವುದು ನನ್ನ ಪಾಲಿಗೆ ಬರುತ್ತದೋ ಎಂದು ಹೆದರಿಕೊಂಡು ಕೂರುವ ದಿನ ಹತ್ತಿರದಲ್ಲೇ ಇದೆ ಎಂದು ನನಗೆ ಗೊತ್ತಿರಲಿಲ್ಲ.

ಅದು ಬಿಡದಿ ಕಡೆಯಿಂದ ಕಾರ್ಖಾನೆಗಳು ನಮ್ಮತ್ತ ಸರಿದು ಬರುತ್ತಿದ್ದ ಕಾಲ. ಸರ್ವೆಯವರು ಬಂದು ಬದುಗಳ ಮೇಲೆ ಹಳದಿ ಬಣ್ಣ ಬಳಿದ ಕಲ್ಲು ನೆಟ್ಟು ಹೋಗಿದ್ದರು. ಏನು ಬರುತ್ತದೆ, ಯಾರ ಹೊಲ ಹೋಗುತ್ತದೆ, ಒಬ್ಬೊಬ್ಬರದು ಒಂದೊಂದು ಮಾತು. ನಮ್ಮ ಹಿಪ್ಪುನೇರಳೆ ತೋಟದ ಮೂಲೆಯಲ್ಲೂ ಅಂಥದೊಂದು ಕಲ್ಲು ಕೂತಿತ್ತು. ಅಪ್ಪ ದಿನಾ ಹೋಗಿ ಅದನ್ನು ನೋಡಿ ಬರುತ್ತಿದ್ದರು. ಬಂದು ಅವ್ವನಿಗೆ ಒಂದೇ ಮಾತು ಹೇಳುತ್ತಿದ್ದರು: "ಹೊಲ ಇರೋವಾಗ್ಲೇ ಹೆಣ್ಣು ಕೊಟ್ಬುಡ್ಬೇಕು. ಹೊಲ ಹೋದ್ಮ್ಯಾಲೆ ನೀವ್ಯಾರು ಅಂತಾರೆ." ಅಪ್ಪ ಕೆಟ್ಟವರಲ್ಲ. ಹೆದರಿದ್ದರು. ಹೆದರಿದ ಗಂಡಸು ಮೊದಲು ಮಾಡುವ ಕೆಲಸ ಮಗಳಿಗೆ ಗಂಡು ಹುಡುಕುವುದು.

ಗಂಡು ಸಿಕ್ಕಿಯೇಬಿಟ್ಟಿತು. ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿ ಕಡೆಯವರು. ಹುಡುಗನಿಗೆ ಕಾರ್ಖಾನೆಯಲ್ಲಿ ಪರ್ಮನೆಂಟ್ ಕೆಲಸ. ಓದಿದ್ದು ಸಾಕು, ಪರೀಕ್ಷೆಗೆಲ್ಲ ಕಾಯುವುದು ಬೇಡ, ಆಷಾಢಕ್ಕೆ ಮುಂಚೆ ಧಾರೆ ಆಗಿಬಿಡಲಿ ಎಂದು ಹೇಳಿ ಕಳಿಸಿದ್ದರು. ಭಾನುವಾರ ಹೆಣ್ಣು ನೋಡಲು ಬರುವವರಿದ್ದರು. ನನಗೆ ಪರೀಕ್ಷೆ ಬರೆಯಬೇಕಿತ್ತು, ಬಿ.ಎಡ್. ಮಾಡಿ ಟೀಚರ್ ಆಗಬೇಕಿತ್ತು. ಇದನ್ನು ನನ್ನ ಬಾಯಿಂದ ಯಾರೂ ಕೇಳಿರಲಿಲ್ಲ, ಏಕೆಂದರೆ ಯಾರೂ ನನ್ನನ್ನು ಕೇಳಿರಲಿಲ್ಲ.

ಆ ವಾರವೇ ನಮ್ಮ ಮನೆಯಲ್ಲಿ ಗೂಡು ಬಿಡಿಸುವ ಕೆಲಸ. ಅಜ್ಜಿ, ಅವ್ವ, ಪಕ್ಕದ ಮನೆಯ ಅಕ್ಕ, ನಾನು ಕೂತೆವು. ಅಕ್ಕನ ಮನೆಯ ವಿಸಿಡಿ ಪ್ಲೇಯರ್ ತಂದು ನಮ್ಮ ಟಿವಿಗೆ ಸಿಕ್ಕಿಸಿ ಸಿನಿಮಾ ಹಾಕಿದೆ. ಅವರು ಇಂಗ್ಲಿಷಿನಲ್ಲಿ ಆಡಿದ್ದನ್ನು ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. ಅರ್ಥವಾಗದ ಕಡೆ ಬಾಯಿಗೆ ಬಂದದ್ದು ಹೇಳಿದೆ.

ಪರದೆಯ ತುಂಬ ಹಸಿರು ಬಯಲು, ಕುರಿ, ಕಲ್ಲಿನ ಗೋಡೆ. ಅಜ್ಜಿಗೆ ಹೊಟ್ಟೆ ಉರಿಯಿತು. "ಅಲ್ಲ ಕಣವ್ವ, ಇಷ್ಟು ಬಯಲು ಬುಟ್ಕಂಡು ಒಂದು ಕಡ್ಡಿ ರಾಗಿ ಹಾಕಿಲ್ವಲ್ಲ ಈ ಜನ."

"ಕರೆಂಟ್ ಕಂಬಾನೇ ಕಾಣಾಕಿಲ್ಲ, ಬೋರು ಹೆಂಗ್ ಓಡ್ತದೆ?" ಅಂದರು ಅಕ್ಕ.

ಕಂಬಗಳಿದ್ದರೂ ಕ್ಯಾಮೆರಾ ತಿರುಗಿಸಿ ತೆಗೆದಿರುತ್ತಾರೆ, ಅಲ್ಲೂ ಆಗಲೇ ಕಾರ್ಖಾನೆಗಳು ಬಂದಿದ್ದವು, ಅದನ್ನು ಸಿನಿಮಾದವರು ತೋರಿಸುವುದಿಲ್ಲ ಎಂದು ಮೇಡಂ ಹೇಳಿದ್ದನ್ನೇ ನಾನೂ ಹೇಳಿದೆ. ಅವ್ವ ಮಾತ್ರ ಗೂಡು ಬಿಡಿಸುತ್ತಲೇ ಇದ್ದಳು.

ಕಥೆ ದೊಡ್ಡದೇನಲ್ಲ. ಸಿನಿಮಾದ ಹುಡುಗಿ ಗೇಣಿ ರೈತನ ಮಗಳು. ಹೊಲ, ಮನೆ ಎರಡೂ ಜಮೀನ್ದಾರನದು. ಆ ಜಮೀನ್ದಾರನ ತಮ್ಮ ಒಂದು ದಿನ ಸೇಬಿನ ತೋಟದ ಬೇಲಿಯ ಹತ್ತಿರ ಅವಳನ್ನು ನಿಲ್ಲಿಸಿಕೊಂಡು, ನನ್ನನ್ನು ಮದುವೆಯಾಗುತ್ತೀಯಾ ಎಂದು ಕೇಳುತ್ತಾನೆ. ಅವಳು ಅವನ ಮುಖ ನೋಡಿಕೊಂಡು, ಇಲ್ಲ ಅನ್ನುತ್ತಾಳೆ.

ಕೈಗಳೆಲ್ಲ ನಿಂತವು. "ಬ್ಯಾಡ ಅಂದ್ಬುಟ್ಟಳಾ?" ಅಂದರು ಅಜ್ಜಿ. "ಅವ್ನ್ ಎದುರ್ಗೇ?"

"ಹೂಂ."

"ತಿರ್ಗಾ ಹಾಕು."

ಮತ್ತೆ ಹಾಕಿದೆ. ಅವಳು ಮತ್ತೆ ಇಲ್ಲ ಅಂದಳು. ಅಜ್ಜಿ ಇನ್ನೊಮ್ಮೆ ಹಾಕಿಸಿಕೊಂಡರು. ಹೆಣ್ಣನ್ನೇ ನಿಲ್ಲಿಸಿ ಕೇಳುವುದೂ ಅವಳು ಒಲ್ಲೆ ಅನ್ನುವುದೂ ಅವರಿಗೆ ಪೌರಾಣಿಕ ನಾಟಕದ ಸೀನಿನಷ್ಟೇ ಖುಷಿ ಕೊಟ್ಟಿತ್ತು. ಆಗ ಅವ್ವ ಮೊದಲ ಸಲ ಬಾಯಿ ಬಿಟ್ಟಳು. "ಅವ್ಳಪ್ಪ ಏನೂ ಮಾಡ್ನಿಲ್ವಾ ಅವ್ಳಿಗೆ?"

ಸಿನಿಮಾದಲ್ಲಿ ಏನೂ ಮಾಡಲಿಲ್ಲ. ಕೊನೆಗೆ ಅದೇ ಗಂಡಸು ಬುದ್ಧಿ ಕಲಿತು ಬಂದ, ಚರ್ಚಿನಲ್ಲಿ ಮದುವೆಯಾಯಿತು, ಗಂಟೆ ಬಾರಿಸಿದರು. ಅಕ್ಕ ಕಣ್ಣೊರೆಸಿಕೊಂಡರು. ಆದರೆ ಅಜ್ಜಿ ಅಷ್ಟು ಸುಲಭಕ್ಕೆ ನಂಬುವವರಲ್ಲ. "ನಿಮ್ಮ್ ಪುಸ್ತಕ್ದಾಗೂ ಹಿಂಗೇ ಐತಾ?" ಎಂದು ಕೇಳಿದರು.

ಇಲ್ಲ ಎಂದೆ. ಪುಸ್ತಕದಲ್ಲಿ ಅವಳನ್ನು ಮತ್ತೆ ಯಾರೂ ಕೇಳುವುದಿಲ್ಲ. ಅಪ್ಪನ ಗೇಣಿ ಹೋಗುತ್ತದೆ, ಮನೆ ಹೋಗುತ್ತದೆ, ಅವಳು ಯಾರದೋ ಮನೆಯಲ್ಲಿ ಹೊಲಿಗೆ ಹಾಕಿಕೊಂಡು ಮುದುಕಿಯಾಗುತ್ತಾಳೆ. ಹೇಳುತ್ತಿದ್ದ ಹಾಗೇ ನಮ್ಮ ತೋಟದ ಮೂಲೆಯ ಹಳದಿ ಕಲ್ಲು ಕಣ್ಣ ಮುಂದೆ ಬಂದಿತ್ತು.

"ಅದೇ ಮತ್ತೆ," ಅಂದರು ಅಜ್ಜಿ. "ಬ್ಯಾಡ ಅಂದೋಳ್ಗೆ ಇನ್ನೇನಾದಾತು." ಮಾತು ಅಲ್ಲಿಗೆ ಮುಗಿಯಿತು.

ಭಾನುವಾರದವರೆಗೆ ದಿನಾ ತೋಟಕ್ಕೆ ನೀರು ಹಾಯಿಸುವಾಗ ಗಿಡಗಳಿಗೆ ಹೇಳಿ ಅಭ್ಯಾಸ ಮಾಡಿದೆ: ಪರೀಕ್ಷೆ ಬರೀಬೇಕು, ಈಗ ಮದುವೆ ಬೇಡ. ಗಿಡಗಳು ಒಪ್ಪಿಕೊಂಡವು.

ಅವರು ಬಂದರು. ಉಪ್ಪಿಟ್ಟಿನ ತಟ್ಟೆ ಕೊಟ್ಟು ಚಾಪೆಯ ಅಂಚಿನಲ್ಲಿ ಕೂತೆ. ಹುಡುಗ ತಲೆ ಎತ್ತಲಿಲ್ಲ, ಪಾಪ, ಅವನನ್ನೂ ಯಾರು ಕೇಳಿದ್ದರೋ. ನಾನು ನೋಡುತ್ತಿದ್ದದ್ದು ಅವನ ತಾಯಿಯ ಪಕ್ಕದಲ್ಲಿದ್ದ ಪ್ಲಾಸ್ಟಿಕ್ ಕವರನ್ನು. ಅದರೊಳಗೆ ಬಾಳೆಲೆಯಲ್ಲಿ ಸುತ್ತಿದ ಕನಕಾಂಬರ, ಮಲ್ಲಿಗೆ. ನಮ್ಮ ಕಡೆ ಹೆಣ್ಣು ಮನಸ್ಸಿಗೆ ಬಂದರೆ ಗಂಡಿನ ತಾಯಿ ಎದ್ದು ಹೂ ಮುಡಿಸಿಬಿಡುತ್ತಾರೆ. ಹೂ ಮುಡಿಸಿದರೆ ಮುಗಿಯಿತು, ಆಮೇಲೆ ಹಿಂದಕ್ಕಿಲ್ಲ. ಆ ತಾಯಿಯ ಮುಖ ತುಂಬ ಒಳ್ಳೆಯದಿತ್ತು. ಗಯ್ಯಾಳಿಯಾಗಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ.

ಮಾತು ಮಳೆ, ಗೂಡಿನ ರೇಟು ಎಲ್ಲ ಸುತ್ತಿ ಬಂದು ನಿಂತಿತು. ಆಕೆ ಕವರಿಗೆ ಕೈ ಹಾಕಿ ಎದ್ದರು. ಈಗ ಹೇಳಬೇಕು, ಈಗಲೇ ಹೇಳಬೇಕು ಅಂದುಕೊಂಡೆ. ಬಾಯಿ ತೆರೆದೆ. ಉಸಿರು ಕೂಡ ಬರಲಿಲ್ಲ. ಅವರ ಕೈ ನನ್ನ ಜಡೆಯ ಹತ್ತಿರ ಬಂತು, ಮಲ್ಲಿಗೆಯ ವಾಸನೆ ಬಂತು.

ಅಷ್ಟರಲ್ಲಿ ಅಡುಗೆಮನೆಯ ಬಾಗಿಲಿನಿಂದ ಅವ್ವ ಬಂದು ಆಕೆಯ ಕಿವಿಯಲ್ಲಿ ಪಿಸುಗುಟ್ಟಿದಳು. "ಹೂ ಮುಡಿಸ್ಬ್ಯಾಡಿ ಕಣಕ್ಕ. ಹೊರಗಾಗವ್ಳೆ. ಈಗ್ಲೇ ಗೊತ್ತಾಯ್ತು."

ನಾನು ಮುಟ್ಟಾಗಿರಲಿಲ್ಲ. ಅದು ಅವ್ವನಿಗೂ ಗೊತ್ತಿತ್ತು.

ಆಕೆಯ ಕೈ ಹಿಂದಕ್ಕೆ ಹೋಯಿತು. ಹೂವನ್ನು ಬಾಳೆಲೆಗೆ ಸುತ್ತಿ ಕವರಿಗೆ ಹಾಕಿದರು. ಗಂಡಸರಿಗೆ ಏನೆಂದು ಯಾರೂ ಬಿಡಿಸಿ ಹೇಳಲಿಲ್ಲ, ಹೇಳದೆಯೇ ತಿಳಿಯಿತು. ಬಸ್ಸಿನ ಹೊತ್ತಾಯಿತೆಂದು ಎದ್ದರು. ಹೊಸಿಲು ದಾಟುವಾಗ ಆ ತಾಯಿ, ತಂದ ಹೂ ವಾಪಸ್ ತಗೊಂಡು ಹೋಗೋ ಹಂಗಾಯ್ತಲ್ಲ, ಶಕುನ ಸರಿಯಿಲ್ಲ ಎಂದು ತಮ್ಮಷ್ಟಕ್ಕೇ ಅಂದುಕೊಂಡದ್ದು ನನಗೆ ಕೇಳಿಸಿತು. ಅಪ್ಪನ ಮುಖ ಸುಟ್ಟ ಬದನೆಕಾಯಿಯಾಗಿತ್ತು. "ನೋಡ್ಕಬಾರ್ದಾ ಬೆಳಗ್ಗೇನೇ," ಎಂದು ಅವ್ವನ ಮೇಲೆ ಹರಿಹಾಯ್ದರು.

ಸುಳ್ಳು ಹೇಳಿದ ಮೇಲೆ ಅದನ್ನು ನಿಭಾಯಿಸಬೇಕಲ್ಲ. ಮೂರು ದಿನ ಹಿತ್ತಿಲ ಜಗಲಿಯ ಮೇಲೆ ದೂರ ಕೂತೆ. ಅವ್ವ ತಟ್ಟೆ ತಂದು ದೂರದಲ್ಲಿ ಇಟ್ಟು ಹೋಗುತ್ತಿದ್ದಳು. ಒಮ್ಮೆ ಮಾತ್ರ ನೀರು ಹಾಕುವ ನೆವದಲ್ಲಿ ನಿಂತು ಹೇಳಿದಳು: "ನಿಂಗೂ ಬಾಯಿ ಬರ್ನಿಲ್ಲ. ನಂಗೂ ಬ್ಯಾಡ ಅನ್ನಾಕೆ ಬರ್ನಿಲ್ಲ. ಬಾಯ್ಗೆ ಅದೇ ಬಂದ್ಬುಡ್ತು ಕಣವ್ವ."

ನಿಜವಾದ ಭಯ ಆಮೇಲೆ ಬಂತು. ಹುಳದ ಮನೆ ತೊಳೆದು, ಹೊಸ ಚಾಕಿ ಹುಳ ತಂದ ಮಾರನೆಯ ದಿನ ನಾನು ನಿಜವಾಗಿ ಮುಟ್ಟಾದೆ. ಎಳೆಯ ಹುಳ ಅಂದರೆ ಹಸುಗೂಸು. ಹುಳದ ಮನೆಗೆ ಹೊರಗಿನವರು ಕಾಲಿಡುವಂತಿಲ್ಲ, ಒಗ್ಗರಣೆ ವಾಸನೆ ತಾಗುವಂತಿಲ್ಲ. ಮುಟ್ಟಾದವಳಂತೂ ಆ ಕಡೆ ತಿರುಗಿ ನೋಡುವಂತಿಲ್ಲ. ಆದರೆ ತಿಂಗಳು ತುಂಬುವ ಮುಂಚೆಯೇ ನಾನು ಮತ್ತೆ ದೂರ ಕೂತರೆ ಅಜ್ಜಿ ಬಿಡುತ್ತಾರೆಯೇ? ಇಂಥ ಲೆಕ್ಕದಲ್ಲಿ ಅವರು ಪಂಚಾಂಗವನ್ನೂ ಮೀರಿಸುತ್ತಿದ್ದರು. ಸುಳ್ಳು ಬಯಲಾದರೆ ಅಪ್ಪ ಆ ತಾಯಿಯನ್ನು ಹೂವಿನ ಸಮೇತ ಮತ್ತೆ ಕರೆತರುವುದು ಖಂಡಿತ.

ನೀರಿನ ತೊಟ್ಟಿಯ ಹತ್ತಿರ ಅವ್ವನಿಗೆ ಹೇಳಿದೆ. ಅವಳು ಬಿಂದಿಗೆ ಕೆಳಗಿಟ್ಟು, "ಒಳೀಕೆ ನಡಿ. ಸೊಪ್ಪು ಹಾಕು," ಅಂದಳು.

ಇಂಥದ್ದನ್ನೆಲ್ಲ ನಾನು ಆಗಲೇ ನಂಬುತ್ತಿರಲಿಲ್ಲ ಎಂದು ಇವತ್ತು ಜಂಬ ಕೊಚ್ಚಿಕೊಳ್ಳಬಹುದು. ನಂಬಿದ್ದೆ. ಕಾಲು ತೊಳೆದು ಒಳಗೆ ಹೋದವಳು, ಎಲೆ ಉದುರಿಸುವಾಗ ಬೆರಳು ಹುಳಕ್ಕೆ ತಾಗದ ಹಾಗೆ ಮೇಲಿನಿಂದ ಬಿಟ್ಟೆ. ಯಾರದೋ ಮನೆಯಲ್ಲಿ ಹೀಗೆಯೇ ಮೈಲಿಗೆಯಾಗಿ ಇಡೀ ಬೆಳೆಗೆ ಹಾಲುತೊಂಡೆ ರೋಗ ಬಡಿದು, ಹುಳಗಳೆಲ್ಲ ಊದಿ, ಒಡೆದು ನೀರಾದ ಕಥೆಯನ್ನು ಅಜ್ಜಿ ಎಷ್ಟೋ ಸಲ ಹೇಳಿದ್ದರು. ಒಂದು ಬೆಳಿಗ್ಗೆ ಹುಳ ಸಾಕುವ ಬಿದಿರಿನ ತಟ್ಟೆಯ ಅಂಚಿನಲ್ಲಿ ಹಳದಿಗೆ ತಿರುಗಿ ಊದಿದ ಹುಳಗಳು ಕಂಡವು. ಅವ್ವ ಅವನ್ನು ಆಯ್ದು, ಸುಣ್ಣದ ನೀರಿಗೆ ಹಾಕಿ, ಮೇಲೆ ಮುಚ್ಚಳ ಮುಚ್ಚಿದಳು. ಅಪ್ಪನಿಗೆ ಹೇಳಲಿಲ್ಲ. ಅಂದಿನಿಂದ ಅವಳು ಹುಳದ ಮನೆಯಿಂದ ಈಚೆಗೆ ಬಂದದ್ದೇ ಕಡಿಮೆ. ಕೆಂಗಲ್ ಹನುಮಂತರಾಯನಿಗೆ ಹರಕೆ ಹೊತ್ತಿದ್ದಳು. ಹುಳ ಉಳಿಯಲಿ ಎಂದೋ, ನಾನು ಉಳಿಯಲಿ ಎಂದೋ ಕೇಳುವ ಧೈರ್ಯ ನನಗಿರಲಿಲ್ಲ.

ಉಳಿದ ಹುಳ ಸಾಯಲಿಲ್ಲ. ಪೊರೆ ಬಿಡುವ ಜ್ವರಕ್ಕೆ ಕೂತವು, ಎದ್ದವು, ಮಳೆ ಹುಯ್ದ ಹಾಗೆ ಸದ್ದು ಮಾಡುತ್ತಾ ಸೊಪ್ಪು ತಿಂದವು, ಹಣ್ಣಾದವು, ಚಂದ್ರಿಕೆ ತುಂಬ ಬೆಳ್ಳಗೆ ಗೂಡು ಕಟ್ಟಿದವು. ರಾಮನಗರದ ಗೂಡಿನ ಮಾರ್ಕೆಟ್ಟಿನಿಂದ ಅಪ್ಪ ಮೈಸೂರುಪಾಕಿನ ಪೊಟ್ಟಣ ಹಿಡಿದು ಬಂದರು. ಅಷ್ಟರಲ್ಲಿ ಗುಡೇಮಾರನಹಳ್ಳಿಯವರು ಕನಕಪುರದ ಕಡೆ ಬೇರೆ ಹೆಣ್ಣು ಗೊತ್ತು ಮಾಡಿಕೊಂಡಿದ್ದ ಸುದ್ದಿಯೂ ಬಂದಿತ್ತು. ಅಪ್ಪ ನನ್ನ ಕಡೆ ನೋಡದೆ, "ಬರ್ಕಳ್ಲಿ ಬುಡು ಪರೀಕ್ಷೆ," ಅಂದರು. ಬರೆದೆ. ಪಾಸಾದೆ. ಹಳದಿ ಕಲ್ಲು ಇನ್ನೂ ಎಷ್ಟೋ ಕಾಲ ಅಲ್ಲೇ ಕೂತು ನಮ್ಮನ್ನು ಹೆದರಿಸಿತು, ಅದು ಬೇರೆ ಮಾತು.

ಮುಂದಿನ ಬೆಳೆಯ ಹೊತ್ತಿಗೆ ಒಂದು ದಿನ ಅವ್ವ ಹುಲ್ಲಿನ ಮೆದೆಯ ಹಿಂದೆ ಬಟ್ಟೆ ಒಣಹಾಕಿದ್ದನ್ನು ನೋಡಿದೆ. ಅದು ಯಾವ ಬಟ್ಟೆಯೆಂದು ಹೆಂಗಸರಿಗೆ ಯಾರೂ ಹೇಳಬೇಕಾಗಿಲ್ಲ. ಒಳಗೆ ಬಂದರೆ ಅವ್ವ ಹುಳದ ಮನೆಯಲ್ಲಿ ನಿಂತು ಸೊಪ್ಪು ಹಾಕುತ್ತಿದ್ದಾಳೆ. ಅಜ್ಜಿ ಬಾಗಿಲಲ್ಲಿ ಕೂತಿದ್ದರು.

"ಯಾಕವ್ವ, ಈ ತಿಂಗ್ಳು ದೂರ ಕೂರ್ನೇ ಇಲ್ವಲ್ಲ?"

ಅವ್ವ ತಟ್ಟೆಯಿಂದ ಕಣ್ಣೆತ್ತಲಿಲ್ಲ. ಹುಳಗಳ ನಡುವೆ ಬೆರಳಾಡಿಸಿ ಎಲೆ ಸರಿಮಾಡುತ್ತಲೇ ಹೇಳಿದಳು. "ನಿಂತೋಯ್ತು ಕಣತ್ತೆ."

ಅವ್ವನಿಗೆ ಆಗಿನ್ನೂ ನಲವತ್ತು ತುಂಬಿರಲಿಲ್ಲ.