ಮುಲಾಜಿಲ್ಲದ ಮಂಡಿಗಳ ವೈದ್ಯರು

ಸವೆದ ಮಂಡಿಯನ್ನು ತೆಗೆದು ಕೃತಕ ಮಂಡಿಯನ್ನು ಕೂರಿಸುವ ವಿದ್ಯೆಯಲ್ಲಿ ನಮ್ಮ ಕಾಲದ ಇಬ್ಬರು ಮಹನೀಯರನ್ನು ಹೆಸರಿಸಬೇಕೆಂದರೆ ಮೊದಲನೆಯವನು ನಾನು. ಈ ಅಭಿನಂದನಾ ಸಂಪುಟ ದುರದೃಷ್ಟವಶಾತ್ ಎರಡನೆಯವರ ನಿವೃತ್ತಿಯ ಗೌರವಾರ್ಥ ಹೊರಬರುತ್ತಿದೆ. ಸಂಪಾದಕರು ಲೇಖನ ಕೇಳಿದಾಗ ಹೊಟ್ಟೆಕಿಚ್ಚನ್ನು ಬದಿಗಿಟ್ಟು ಬರೆಯಬೇಕೆಂದು ಪ್ರಾಮಾಣಿಕವಾಗಿ ನಿಶ್ಚಯಿಸಿದ್ದೆ. ಆದರೆ ನನಗಿಂತ ಮೊದಲೇ ಅದು ಮೇಜಿನ ಮುಂದೆ ಬಂದು ಕುಳಿತಿತ್ತು.

ನಾವೆಲ್ಲ ಎದುರಿಗೆ ‘ಸರ್’ ಎಂದೂ ಬೆನ್ನ ಹಿಂದೆ ‘ನಿಧಾನಿ’ ಎಂದೂ ಕರೆಯುವ ಈ ಹಿರಿಯರು, ನಾನು ಕೆಲಸಕ್ಕೆ ಸೇರುವ ಹೊತ್ತಿಗಾಗಲೇ ಮೂಳೆ ವಿಭಾಗದ ಕೊನೆಯ ಕೋಣೆಯಲ್ಲಿ ನೆಲೆಯೂರಿದ್ದರು. ನನ್ನ ಮೊದಲ ಶಸ್ತ್ರಚಿಕಿತ್ಸೆಯ ದಿನ ರಕ್ತ ನಿಲ್ಲದೆ ನಾನು ಹತ್ತಿಯ ಮೇಲೆ ಹತ್ತಿ ಒತ್ತುತ್ತಿದ್ದಾಗ, ಯಾರೂ ಕರೆಯದಿದ್ದರೂ ಒಳಗೆ ಬಂದು ರೋಗಿಯ ಕಾಲು ಹಿಡಿದು ನಿಂತರು. ಮುಗಿದ ಮೇಲೆ ಹೊರಗೆ ಕಾದಿದ್ದ ಮನೆಯವರಿಗೆ, “ನಿಮ್ಮ ಡಾಕ್ಟ್ರು ತುಂಬ ಜಾಗ್ರತೆ ಮನುಷ್ಯ, ಅದಕ್ಕೇ ತಡ ಆಯ್ತು” ಎಂದರು. ಆ ಉಪಕಾರವನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಅಲ್ಲಿಂದ ಮುಂದೆ ನನ್ನ ಕೀರ್ತಿ ಬೆಳೆದ ಬಗೆಯನ್ನು ನಾನೇ ಹೇಳಿದರೆ ಜಂಬವೆನಿಸೀತು, ಆದರೆ ಬೇರೆ ಯಾರೂ ಹೇಳುತ್ತಿಲ್ಲವಾದ್ದರಿಂದ ಹೇಳುತ್ತೇನೆ. ಒಂದು ಬೆಳಗಿನಲ್ಲಿ ನಾನು ಒಂದು ಪಟ್ಟಣಕ್ಕೆ ಸಾಲುವಷ್ಟು ಮಂಡಿಗಳನ್ನು ಕೂರಿಸಿ ಕೈ ತೊಳೆಯುತ್ತಿದ್ದೆ. ನಾನು ಕೂರಿಸಿದ ಮಂಡಿಯ ಎಕ್ಸ್‌ರೇ ಕಂಡು ಗಣಿತದ ಮೇಷ್ಟ್ರೊಬ್ಬರು ತಮ್ಮ ಅಳತೆಪಟ್ಟಿಯೇ ಸೊಟ್ಟ ಎಂದು ತೀರ್ಮಾನಿಸಿ ಅದನ್ನು ಎಸೆದರು. ಅಷ್ಟು ಹೊತ್ತಿನಲ್ಲಿ ನಿಧಾನಿಯವರು ಒಬ್ಬನೇ ಒಬ್ಬ ರೋಗಿಯ ಮುಂದೆ ಕುಳಿತು ಆತನ ಚಪ್ಪಲಿಯ ವಿಷಯ ಮಾತಾಡುತ್ತಿದ್ದರು.

ಹೌದು, ಚಪ್ಪಲಿ. ಎಷ್ಟೇ ಅಚ್ಚುಕಟ್ಟಾಗಿ ಕೂರಿಸಿದರೂ ಮಂಡಿ ಬದಲಾದ ಕೆಲವರು ಅತೃಪ್ತರಾಗಿಯೇ ಉಳಿಯುತ್ತಾರೆಂಬುದು ನಮ್ಮ ಕಸುಬಿನ ಹಳೆಯ ತಲೆನೋವು. ಅದರ ಕಾರಣವನ್ನು ನಾವು ಲೋಹದಲ್ಲಿ ಹುಡುಕುತ್ತಿದ್ದರೆ, ಅವರು ಮನುಷ್ಯನ ಸ್ವಭಾವದಲ್ಲಿ ಹುಡುಕುತ್ತಿದ್ದರು. “ಈ ಚಪ್ಪಲಿ ನಿಮಗೆ ಹಿಡಿಸಿದೆಯಾ?” ಎಂದು ಕೇಳಿ ಗಲ್ಲಕ್ಕೆ ಕೈ ಕೊಟ್ಟು ಕೂತುಬಿಡುವರು. ಉತ್ತರ ಹೇಳುವ ರೀತಿಯಲ್ಲೇ ಗಾಬರಿಯವರು ಯಾರು, ಗೊಣಗುವವರು ಯಾರು ಎಂಬುದು ಅವರಿಗೆ ತಿಳಿಯುತ್ತಿತ್ತು. ಗಾಬರಿಯವರಿಗೆ ಮುಂದೆ ಆಗುವ ನೋವು, ಬಾವು, ಟಕ್ಕೆನ್ನುವ ಸದ್ದು ಎಲ್ಲವನ್ನೂ ಮೊದಲೇ ಹೇಳಿಬಿಡುವರು. ಗೊಣಗುವವರಿಗೆ ಗೊಣಗಲು ಬೇರೆಯೇ ಸಮಯ ಕೊಡುವರು. ನಿಧಾನಿಯವರಿಗೆ ನಿಜವಾಗಿ ಭಯವಿದ್ದದ್ದು ಮುಲಾಜಿನವರದು. ಡಾಕ್ಟರಿಗೆ ಬೇಜಾರಾದೀತೆಂದು ನೋವನ್ನು ನುಂಗಿಕೊಂಡು ನಗುವವರನ್ನು ಕಂಡರೆ ಅವರು ಎರಡು ದಿನ ಊಟ ಸರಿಯಾಗಿ ಮಾಡುತ್ತಿರಲಿಲ್ಲ. ನಾನೂ ಒಮ್ಮೆ ಚಪ್ಪಲಿಯ ಪ್ರಶ್ನೆ ಕೇಳಿ ನೋಡಿದೆ. ರೋಗಿ ತನ್ನ ಚಪ್ಪಲಿ ಕಳುವಾಯಿತೆಂದು ಭಾವಿಸಿ ಎದ್ದು ಹೊರಗೆ ಓಡಿದರು. ಅಂಥ ಮಂಡಿಯಲ್ಲಿ ಅಷ್ಟು ವೇಗ ಸಾಧ್ಯವೆಂದು ವೈದ್ಯಶಾಸ್ತ್ರಕ್ಕೆ ಅಂದೇ ಗೊತ್ತಾದದ್ದು.

ಫಲಿತಾಂಶ ಹೀಗಿತ್ತು: ನನ್ನ ರೋಗಿಗಳು ನೆಂಟರಿಗೆ ಎಕ್ಸ್‌ರೇ ತೋರಿಸುತ್ತಿದ್ದರು, ಅವರ ರೋಗಿಗಳು ನಡೆದು ತೋರಿಸುತ್ತಿದ್ದರು. ಇದನ್ನು ಕಂಡು ನನಗೆ ಆಗುತ್ತಿದ್ದ ಉರಿಗೆ ಔಷಧಿ ಅಂಗಡಿಯಲ್ಲಿ ಮಾತ್ರೆಯಿಲ್ಲ.

ಆದರೂ ನನ್ನ ಬಳಿ ಅವರಲ್ಲಿಲ್ಲದ ಒಂದು ಬಿರುದಿತ್ತು, ನನ್ನ ಅಕ್ಕನ ಬಲ ಮಂಡಿ. ನಮ್ಮಕ್ಕ ಹುಟ್ಟಿದಾಗ ಅತ್ತದ್ದು ಬೆಳಕು ಜಾಸ್ತಿಯಾಯಿತೆಂದೇ ಇರಬೇಕು. ಅವಳಿಗೆ ಸೋಫಾ ಅತಿ ಮೆತ್ತಗೆ, ದಿಂಬು ಅತಿ ಗಟ್ಟಿ, ನಮ್ಮ ಭಾವ ಎರಡೂ ಅಲ್ಲ. ಅಂಥವಳು ನಾನು ಮಂಡಿ ಬದಲಿಸಿದ ಮೇಲೆ ಕೇಳಿದಾಗಲೆಲ್ಲ “ಚೆನ್ನಾಗಿದೆ” ಎನ್ನುತ್ತಿದ್ದಳು. ಲೋಕದಲ್ಲಿ ಅವಳ ತಕರಾರಿಲ್ಲದ ಏಕೈಕ ವಸ್ತು ನನ್ನ ಕೈಯಿಂದ ಆದದ್ದೆಂದು ನಾನು ಸಮ್ಮೇಳನಗಳಲ್ಲಿ ಸಾರಿದೆ. ಎಡ ಮಂಡಿಯೂ ಸವೆದಾಗ, ಅದನ್ನು ಬದಲಿಸುವ ಹಕ್ಕೂ ನನ್ನದೇ ಎಂದು ಬಂಧುಬಳಗಕ್ಕೆಲ್ಲ ಹೇಳಿಕೊಂಡು ತಿರುಗಿದೆ.

ಒಂದು ಮಧ್ಯಾಹ್ನ ಕೊನೆಯ ಕೋಣೆಯ ಬೆಂಚಿನ ಮೇಲೆ ಅಕ್ಕ ಕುಳಿತಿದ್ದಳು. ನನ್ನನ್ನು ಕಂಡು ಸೆರಗಿನಲ್ಲಿ ಮುಖ ಮರೆಸಿಕೊಂಡಳು. ಸ್ವಂತ ಅಕ್ಕನನ್ನು ಪರರ ಬಾಗಿಲಲ್ಲಿ ಹಿಡಿದ ತಮ್ಮನ ಹೊಟ್ಟೆಯಲ್ಲಿ ಆ ಹೊತ್ತು ಎದ್ದ ಜ್ವಾಲೆಯಿಂದ ಆಸ್ಪತ್ರೆಯ ನೀರೆಲ್ಲ ಕಾಯಿಸಬಹುದಿತ್ತು. ನಿಧಾನಿಯವರು ಬಾಗಿಲು ತೆರೆದು ಇಬ್ಬರನ್ನೂ ಒಳಗೆ ಕರೆದರು.

“ಎಡಗಾಲಿನ ಮಾತು ಆಮೇಲೆ,” ಎಂದರು ಅಕ್ಕನಿಗೆ. “ಬಲಗಾಲಿನ ವಿಷಯ ನನ್ನ ಹತ್ರ ಹೇಳಿದ್ದನ್ನ ನಿಮ್ಮ ತಮ್ಮನಿಗೆ ಹೇಳಿ, ಅಮ್ಮ. ಹೇಳದೆ ನಾನು ಮುಟ್ಟೋದಿಲ್ಲ.”

“ಅಯ್ಯೋ ಬಿಡಿ ಸಾರ್, ಅವನು ಮೊದಲೇ ಜಂಬದವನು. ಬೇಜಾರು ಮಾಡ್ಕೋತಾನೆ.”

“ನಂಗೇನೂ ಬೇಜಾರಿಲ್ಲ,” ಎಂದೆ, ಸುಳ್ಳು.

“ಸರಿ ಕೇಳು ಮತ್ತೆ. ಮೆಟ್ಟಿಲು ಇಳಿಯುವಾಗ ಈ ಕಾಲು ನನ್ನದು ಅಂತಾನೇ ಅನ್ಸಲ್ಲ. ಯಾರದೋ ಕಾಲು ಸಾಲ ತಂದ ಹಾಗೆ. ಮಂಡಿಯ ಹೊರಮಗ್ಗುಲೆಲ್ಲ ಜೋಮು. ಬೀಳ್ತೀನಿ ಅಂತ ಹೆದರಿ ಮನೆ ಬಿಟ್ಟು ಹೋಗೋದನ್ನೇ ನಿಲ್ಸಿದ್ದೀನಿ. ನೀನು ಬಂದಾಗೆಲ್ಲ ಎಕ್ಸ್‌ರೇ ಬೆಳಕಿಗೆ ಹಿಡಿದು ಮಗು ಫೋಟೋ ನೋಡಿದ ಹಾಗೆ ನೋಡ್ತಿದ್ದೆ. ಏನಂತ ಹೇಳ್ಲಿ?”

ಅವಳು ಇನ್ನೂ ಹೇಳಿದಳು. ಹೇಳುತ್ತ ಹೇಳುತ್ತ ಬೆನ್ನು ನೆಟ್ಟಗೆ ಮಾಡಿ ಕೂತಳು. ನಾನು ಆ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಮಂಡಿ ಕೂರಿಸಿದ ದಿನದಿಂದ ಮೊದಲ ಸಲ, ಕಣ್ಣಿನಿಂದಲ್ಲದೆ ಕೈಯಿಂದ ನೋಡಿದೆ. ಲೋಹದಲ್ಲಿ ಕೂದಲೆಳೆಯಷ್ಟೂ ಲೋಪವಿರಲಿಲ್ಲ. ಆದರೆ ಮಂಡಿಯ ಮೇಲಿನ ಅವಳ ತೊಡೆ ಸೊರಗಿ ಹೋಗಿತ್ತು. ಹೆದರಿ ಕೂತವಳ ಕಾಲು ಹಾಗೆಯೇ ಆಗುತ್ತದೆ, ಅವಳಿಗೆ ವ್ಯಾಯಾಮ ಮಾಡಿಸುವವರಿಗೂ ಅವಳು “ಚೆನ್ನಾಗಿದೆ” ಎಂದೇ ಹೇಳಿ ಕಳಿಸಿದ್ದಳು.

“ಆ ಕಾಲು ಗಟ್ಟಿಯಾಗಲಿ,” ಎಂದರು ನಿಧಾನಿಯವರು. “ಎಡಗಾಲು ಯಾರು ಮಾಡಬೇಕು ಅಂತ ಆಗ ಹೇಳಿ.”

ತಿಂಗಳುಗಳ ಮೇಲೆ, ಮೆಟ್ಟಿಲನ್ನು ಬಯ್ಯುತ್ತಲೇ ಇಳಿದು ಬಂದ ಅಕ್ಕ ನಿಧಾನಿಯವರಿಗೆ ಹೇಳಿದಳು: “ಇವನೇ ಮಾಡ್ಲಿ. ನೀವು ಪಕ್ಕದಲ್ಲಿ ನಿಂತಿರಿ.” ವಿಭಾಗದ ಅತಿ ಹಿರಿಯರು ಕಿರಿಯ ಸಹಾಯಕರ ಜಾಗದಲ್ಲಿ ನಿಂತು, ನನ್ನ ಅಕ್ಕನ ಕಾಲು ಹಿಡಿದುಕೊಂಡರು. ಜಗತ್ತು ಕಂಡ ಅತ್ಯುತ್ತಮ ಮಂಡಿಯನ್ನು ನಾನು ಅಂದು ಕೂರಿಸಿದೆ. ಅಕ್ಕ ಈಗ ದಿನಾ ನಡೆಯುತ್ತಾಳೆ, ಎರಡೂ ಮಂಡಿಗಳನ್ನು ಬಾಯ್ತುಂಬ ಬಯ್ಯುತ್ತಾಳೆ, ಮತ್ತು ಎದುರು ಸಿಕ್ಕವರಿಗೆಲ್ಲ ಇದು ನಿಧಾನಿ ಸಾರ್ ಕೈಗುಣ ಎನ್ನುತ್ತಾಳೆ. ಅವರು ನಿವೃತ್ತರಾಗುವ ತನಕ ಬಯ್ಯಲು ಕೂಡ ಪ್ರತಿ ವಾರ ಅವರ ಕೋಣೆಗೇ ಹೋಗುತ್ತಿದ್ದಳು. ನನ್ನ ಕೋಣೆಯ ಮುಂದೆಯೇ ಹಾದುಹೋಗುತ್ತಿದ್ದಳು, ನಿಲ್ಲುತ್ತಿರಲಿಲ್ಲ. ಎಷ್ಟು ಮಂಡಿ ಕೂರಿಸಿದರೂ ಆ ಹೆಜ್ಜೆಸದ್ದು ಕಿವಿಯಲ್ಲಿ ಉಳಿಯುತ್ತಿತ್ತು.

ಅವರ ನಿವೃತ್ತಿಯ ಮಾರನೆಯ ದಿನ ಅಕ್ಕ ನನ್ನ ಬಾಗಿಲಲ್ಲಿ ಎಲ್ಲರಂತೆ ಸರದಿ ಕಾದು ಒಳಗೆ ಬಂದು ಕುಳಿತಳು.

“ಎಡಗಡೆಯದು ಟಕ್ ಅನ್ನುತ್ತೆ,” ಎಂದಳು. “ಮೊನ್ನೆ ಸಾರ್ ಹೇಳಿದ್ರು, ಇನ್ಮೇಲೆ ನಿನ್ನನ್ನೇ ಬಯ್ಯಬೇಕಂತೆ.”

ನಾನು ಎಕ್ಸ್‌ರೇ ಕೇಳಲಿಲ್ಲ. ಪೆನ್ನು ಕೆಳಗಿಟ್ಟು, “ಹೇಳಕ್ಕ” ಎಂದೆ. ಹೊರಗೆ ಸರದಿ ಬೆಳೆಯಿತು, ಬೆಳೆಯಲಿ.

ನಿಧಾನಿಯವರು ನಿಧಾನವಾಗಿಯೇ ನೂರು ದಾಟಲಿ. ಹೊಸ ವೈದ್ಯರಿಗೆ ಕುಳಿತು ಕೇಳುವುದನ್ನು ಕಲಿಸುತ್ತ, ಊರೂರಿನ ರೋಗಿಗಳ ಪ್ರೀತಿಯನ್ನೆಲ್ಲ ಬೇಕಾದಷ್ಟು ಬಾಚಿಕೊಳ್ಳಲಿ. ನಾನು ಬೇಕಾದಷ್ಟು ಉರಿದುಕೊಳ್ಳುತ್ತೇನೆ. ಅಕ್ಕನ ಬೈಗುಳ ಮಾತ್ರ ಇನ್ನು ನನ್ನ ಪಾಲಿನದು, ಅದರಲ್ಲಿ ಅವರಿಗೆ ಪಾಲು ಕೊಡುವುದಿಲ್ಲ.