ಎತ್ತಿಕೊಂಡು ಹೋಗಲಾಗದ ಕಂಪ್ಯೂಟರ್

ಕಂಪ್ಯೂಟರ್ ಕೊಳ್ಳೋರು ಅದು ಎಷ್ಟು ಸ್ಪೀಡು ಅಂತ ಕೇಳ್ತಾರೆ. ಭದ್ರಾವತಿಯ ಜನ್ನಾಪುರದಲ್ಲಿರೋ ನಮ್ಮಣ್ಣನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಹೋಗಿ ನಾನು ಕೇಳಿದ ಮೊದಲ ಪ್ರಶ್ನೆ, ಅದು ಎಷ್ಟು ಭಾರ ಇರುತ್ತೆ ಅಂತ. ಅಣ್ಣ ಸ್ಕ್ರೂಡ್ರೈವರ್ ಕೆಳಗಿಟ್ಟು, ಮೈ ಹುಷಾರಿದೆಯಾ ಅಂತ ವಿಚಾರಿಸಿದ.

ನನ್ನ ಮೈಗೆ ಏನೂ ಆಗಿರಲಿಲ್ಲ. ಆಗಿದ್ದು ನನ್ನ ಲ್ಯಾಪ್‌ಟಾಪಿಗೆ. ಶಿವಮೊಗ್ಗದ ವಿದ್ಯಾನಗರದ ಮನೆಯಲ್ಲೇ ಕೂತು ನಾನು ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ವೈಕುಂಠ ಸಮಾರಾಧನೆಯ ಕಾರ್ಡು ಎಲ್ಲ ಡಿಸೈನ್ ಮಾಡಿ ಪ್ರೆಸ್ಸಿಗೆ ಕಳಿಸ್ತೀನಿ. ನನ್ನ ಮೈದುನ ಆಲ್ಕೊಳ ಸರ್ಕಲ್ ಹತ್ತಿರ ಬೇರೆ ಮನೆ ಮಾಡಿದ್ದಾನೆ. ಮನೆ ಬೇರೆಯಾಯ್ತೇ ಹೊರತು ಸಾಮಾನು ಬೇರೆಯಾಗಲಿಲ್ಲ. ನಮ್ಮ ಏಣಿ, ಇಡ್ಲಿ ಪಾತ್ರೆ, ಡ್ರಿಲ್ಲಿಂಗ್ ಮಿಷನ್ನು ಎಲ್ಲ ಅಲ್ಲೇ ಸಂಸಾರ ಹೂಡಿವೆ. ಎರಡೇ ದಿನ ಅತ್ತಿಗೆ ಅಂತ ನಗ್ತಾ ಬರ್ತಾನೆ, ಕಂಕುಳಲ್ಲಿಟ್ಟುಕೊಂಡು ಹೋಗ್ತಾನೆ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ. ನಮ್ಮತ್ತೆ ಬೇರೆ, ಕೊಟ್ಟರೆ ಏನು ಸವೆದು ಹೋಗುತ್ತಾ ಅಂತ ಅವನಿಗೆ ಚೀಲವನ್ನೂ ಹುಡುಕಿ ಕೊಡ್ತಾರೆ. ಇಲ್ಲ ಅನ್ನೋ ಮಾತು ನನ್ನ ಬಾಯಲ್ಲಿ ಹುಟ್ಟೋದೇ ಇಲ್ಲ.

ಹೋದ ಮದುವೆ ಸೀಸನ್ನಿನಲ್ಲಿ ಲ್ಯಾಪ್‌ಟಾಪು ಆಲ್ಕೊಳದಲ್ಲಿ ಸಿನಿಮಾ ತೋರಿಸ್ತಾ ಕೂತಿತ್ತು. ಇಲ್ಲಿ ಮದುವೆ ಮನೆಯವರು ಕಾದು ಕಾದು ಬೇರೆ ಕಡೆ ಹೋದರು. ಇನ್ನೊಂದು ಸಲ ಹೀಗಾದರೆ ನಿಮ್ಮನ್ನ ಬಿಡಬೇಕಾಗುತ್ತೆ ಅಂದರು ಪ್ರೆಸ್ಸಿನವರು. ನಮ್ಮ ಮನೆಯಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ ಕೆಲಸ. ಸ್ಕ್ರೀನು ಒಡೆದುಕೊಂಡು ಲ್ಯಾಪ್‌ಟಾಪು ವಾಪಸು ಬಂದ ದಿನ ಹೊಟ್ಟೆ ಉರಿದುಹೋಯ್ತು. ಹೊಸದೊಂದು ತಗೊಂಡು ಬೀರುವಿನಲ್ಲಿ ಬಚ್ಚಿಡು ಅಂತ ನಮ್ಮ ಯಜಮಾನರು ಬುದ್ಧಿ ಹೇಳಿದರು. ಬೀರುವಿನ ಕೀ ಇರೋದು ಅತ್ತೆಯ ಸೊಂಟದಲ್ಲಿ ಅನ್ನೋದು ಅವರಿಗೆ ಮರೆತೇ ಹೋಗಿತ್ತು.

ಇದನ್ನೆಲ್ಲ ಕೇಳಿ ಅಣ್ಣ ಮೇಜು ಬಡಿದು ನಕ್ಕ, ಆಮೇಲೆ ಮೇಜಿನ ಮೇಲಿಡೋ ಕಂಪ್ಯೂಟರೊಂದನ್ನು ಜೋಡಿಸೋಕೆ ಕೂತ. ಕೈಯಲ್ಲಿದ್ದ ದುಡ್ಡು ಕಮ್ಮಿ, ಬಾಳಿಕೆ ಮಾತ್ರ ಹತ್ತು ವರ್ಷ ಬರಬೇಕು ಅನ್ನೋದು ನನ್ನ ಹಟ. ಕರೆಂಟು ಕುಣಿಯೋ ಊರಿನಲ್ಲಿ ಪವರ್ ಸಪ್ಲೈಗೆ ಜಿಪುಣತನ ಮಾಡಿದರೆ ಉಳಿದದ್ದೂ ಅದರ ಜೊತೆ ಸುಟ್ಟುಹೋಗುತ್ತೆ ಅಂತ ಅದನ್ನು ಹೊಸದೇ ಹಾಕಿದ. ಮದರ್‌ಬೋರ್ಡೂ ಹೊಸದು. ಪ್ರೊಸೆಸರ್ ಹಳೇ ತಲೆಮಾರಿನದು, ಕಾರ್ಡು ಮಾಡೋಕೆ ಧಾರಾಳ. ಮಾನಿಟರ್ ಸೆಕೆಂಡ್ ಹ್ಯಾಂಡ್. ಬಣ್ಣದ ಲೈಟು ಬಿಡೋ ಫ್ಯಾನಿಗೆ ನಾನು ಆಸೆಪಟ್ಟರೆ, ದೀಪ ಉರಿಯೋಕೆ ದೇವರ ಮನೆ ಇದೆಯಲ್ಲ ಮಾರಾಯ್ತಿ ಅಂತ ಪಕ್ಕಕ್ಕಿಟ್ಟ. ಇದನ್ನೆಲ್ಲ ಒಳಗಿಟ್ಟು ಮುಚ್ಚೋ ಕ್ಯಾಬಿನೆಟ್ಟಿನ ವಿಷಯದಲ್ಲಿ ಮಾತ್ರ ನಾನು ಅವನ ಮಾತು ಕೇಳಲಿಲ್ಲ. ಅಂಗಡಿ ಮೂಲೆಯಲ್ಲಿ ದಪ್ಪ ಕಬ್ಬಿಣದ್ದೊಂದು ಧೂಳು ತಿಂತಾ ಬಿದ್ದಿತ್ತು. ಅದನ್ನು ಸರಿಸೋಕೆ ಹೋಗಿ ಅಣ್ಣ ಸೊಂಟ ಹಿಡಿದುಕೊಂಡ. ಇದೇ ಬೇಕು ಅಂದೆ.

ವಾಪಸು ಬರುವಾಗ ಬಸ್ಸಿನ ಕಂಡಕ್ಟರ್ ಅದಕ್ಕೆ ಲಗೇಜ್ ಟಿಕೆಟ್ ಹರಿದ. ಜೀವಮಾನದಲ್ಲಿ ಮೊದಲ ಸಲ ಚೌಕಾಶಿ ಮಾಡದೆ ಕೊಟ್ಟೆ. ಭಾರ ಅಂತ ಹೊರಗಿನವರೂ ಒಪ್ಪಿದ ಹಾಗಾಯ್ತಲ್ಲ.

ಆ ಭಾನುವಾರವೇ ಮೈದುನ ಬಂದ. ಬಗ್ಗಿ, ಎರಡೂ ಕೈ ಹಾಕಿ ಎತ್ತಿದ, ಉಸಿರು ಬಿಟ್ಟ, ಇಟ್ಟ. ನಾನು ಅಡುಗೆ ಮನೆಯಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆ. ಆ ಖುಷಿಗೆ ಅವನಿಗೆ ಹೋಳಿಗೆ ಜಾಸ್ತಿನೇ ಬಡಿಸಿದೆ.

ತಿಂದು ಕೈ ತೊಳೆದವನು, ಪರವಾಗಿಲ್ಲ ಅತ್ತಿಗೆ, ಅದು ಬರದಿದ್ದರೆ ನಾನೇ ಬರ್ತೀನಿ ಅಂದ. ಬಂದ. ದಿನಾ ಸಂಜೆ ಬಂದ. ನನ್ನ ಕುರ್ಚಿಯಲ್ಲಿ ಕೂತು ಕ್ರಿಕೆಟ್ ನೋಡಿದ, ಅತ್ತೆ ಕೈಯಿಂದ ಚಕ್ಕುಲಿ ತರಿಸಿಕೊಂಡ. ಮೊದಲು ಮಿಷನ್ನೊಂದೇ ಹೋಗ್ತಿತ್ತು, ಈಗ ಕುರ್ಚಿ, ಮೇಜು, ರೂಮು ಎಲ್ಲ ಹೋಯ್ತು. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರೋದಕ್ಕೆ ಜಾಗ ಇಲ್ಲ ಅಂತಾರೆ. ನನಗಂತೂ ಕೂರೋದಕ್ಕೇ ಇರಲಿಲ್ಲ.

ಒಂದು ಸಂಜೆ ಪ್ರೆಸ್ಸಿನಿಂದ ಫೋನು. ಬೆಳಿಗ್ಗೆ ಅಚ್ಚಿಗೆ ಹೋಗೋ ಲಗ್ನಪತ್ರಿಕೆಯಲ್ಲಿ ಮುಹೂರ್ತ ಬದಲಾಗಿದೆ, ಈಗಲೇ ತಿದ್ದಿ ಕಳಿಸಿ, ಆಗಲ್ಲ ಅಂದರೆ ಹೇಳಿ, ಬೇರೆಯವರಿದ್ದಾರೆ ಅಂದರು. ರೂಮಿಗೆ ಹೋದರೆ ಮೈದುನ ತಿರುಗಿಯೂ ನೋಡದೆ, ಕೊನೇ ಓವರ್ ಅಂತ ಕೈ ತೋರಿಸಿದ. ಪಕ್ಕದಲ್ಲೇ ಅತ್ತೆ ಕೂತಿದ್ದರು.

"ಏಳಪ್ಪ," ಅಂದೆ. "ಇದು ನನ್ನ ಕೆಲಸದ ಮಿಷನ್ನು. ಇನ್ನು ಮೇಲೆ ಕೊಡಲ್ಲ. ಕೂರೋಕೂ ಕೊಡಲ್ಲ."

ಅವನು ಎದ್ದ. ಅಷ್ಟೇ. ಚಕ್ಕುಲಿ ತಟ್ಟೆ ಹಿಡಿದುಕೊಂಡು ಹಾಲಿಗೆ ಹೋಗಿ ಟಿವಿ ಹಾಕಿಕೊಂಡ. ಇಷ್ಟು ಹೇಳೋದಕ್ಕಾಗದೆ ನಾನು ಜನ್ನಾಪುರದಿಂದ ಕಬ್ಬಿಣ ಹೊತ್ತುಕೊಂಡು ಬಂದಿದ್ದೆ.

ಅತ್ತೆ ಈಗ ಬೈತಾರೆ, ಆಗ ಬೈತಾರೆ ಅಂತ ಬೆನ್ನು ಬಿಗಿ ಹಿಡಿದುಕೊಂಡೇ ಮುಹೂರ್ತ ತಿದ್ದಿ ಕಳಿಸಿದೆ. ಅವರು ಕೂತಲ್ಲಿಂದ ಏಳಲಿಲ್ಲ. ಕೊನೆಗೆ ಮೆಲ್ಲಗೆ ಹೇಳಿದರು, "ನನ್ನ ಹೊಲಿಗೆ ಮಿಷನ್ನು ಕೇಳ್ಕೊಂಡು ನಮ್ಮ ನಾದಿನಿ ಬಂದಾಗ ನಂಗೆ ಈ ಮಾತು ಬಾಯಿಗೆ ಬರಲಿಲ್ಲ ಕಣೆ. ನೀನು ಈ ಮನೆಗೆ ಬರೋ ಮುಂಚಿನ ಮಾತು. ಇನ್ನೂ ಭದ್ರಾವತಿಯಲ್ಲಿ ಅವಳ ಮನೇಲೇ ಇದೆ."

ಅತ್ತೆಗೆ ಹೊಲಿಗೆ ಬರುತ್ತೆ ಅನ್ನೋದೇ ನನಗೆ ಗೊತ್ತಿರಲಿಲ್ಲ. ಹೋಗಿ ತರೋಣವಾ ಅಂತ ಕೇಳಿದೆ. ಅಯ್ಯೋ ಬೇಡ, ಅವಳೇನು ಅಂದ್ಕೊಳ್ತಾಳೋ ಅಂದರು. ಮಾರನೇ ದಿನ ನಾನು ಎದ್ದು ಬರೋಷ್ಟರಲ್ಲಿ ಸ್ನಾನ ಮುಗಿಸಿ, ಒಳ್ಳೇ ಸೀರೆ ಉಟ್ಟು, ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ಕೂತಿದ್ದರು.